ಹಸಿವಿನ ನೆಲೆಯ ಅನ್ವೇಷಣೆ: ಸ್ಥೌಲ್ಯಚಿಕಿತ್ಸೆಗಾಗಿ ಮೆದುಳಿನ ಉದ್ದೀಪನ ಮತ್ತು ಬೆಂಗಳೂರಿನ ಅನುಭವ

1. ಪೀಠಿಕೆ

“ಹಸಿದು ಹಲಸು, ಉಂಡು ಮಾವು” ಎಂಬ ಗಾದೆ ಕನ್ನಡನಾಡಿನಲ್ಲಿ ಎಲ್ಲರ ಬಾಯಲ್ಲಿಯೂ ಇರುವಂಥದು. ಹಲಸು ಜೀರ್ಣಕ್ಕೆ ಗುರುವಾದುದು. ಅದಕ್ಕೆ ಬರಿಯ ಹೊಟ್ಟೆಯೇ ತಕ್ಕ ಸಮಯ. ಮಾವಾದರೋ ಊಟ ಮುಗಿದು ಕೈತೊಳೆದ ಮೇಲೂ ರುಚಿಸುತ್ತದೆ. ಈ ಗಾದೆಯನ್ನು ಪಥ್ಯದ ನಿಯಮವೆಂದು ಮಾತ್ರ ತಿಳಿಯುವುದು ವಾಡಿಕೆ. ಆದರೆ ಅದರಲ್ಲಿ ಮತ್ತೊಂದು ತಿಳಿವಳಿಕೆಯೂ ಅಡಗಿದೆ. ದೇಹದ ಕೊರತೆಯನ್ನು ಸೂಚಿಸುವ ಹಸಿವು ಒಂದು. ಆ ಕೊರತೆ ತೀರಿದ ಮೇಲೂ ಉಳಿಯುವ ನಾಲಗೆಯ ಬಯಕೆ ಇನ್ನೊಂದು. ಇವೆರಡೂ ಒಂದೇ ಅಲ್ಲವೆಂಬುದನ್ನು ಪ್ರಯೋಗಶಾಲೆಯಲ್ಲಿ ಕಂಡುಕೊಳ್ಳಲು ವಿಜ್ಞಾನಕ್ಕೆ ಇಪ್ಪತ್ತನೆಯ ಶತಮಾನದ ಬಹುಭಾಗವೇ ಬೇಕಾಯಿತು. ಆ ಅನ್ವೇಷಣೆಯ ಒಂದು ಕವಲು ನಮ್ಮ ಬೆಂಗಳೂರಿನಲ್ಲಿಯೂ ಹರಿದಿದೆ.

ಈ ಊರಿನಲ್ಲಿ ಹಸಿವೆಂಬ ಮಾತಿನ ಅರ್ಥ ಕಾಲಕಾಲಕ್ಕೆ ಬದಲಾಗಿರುವುದನ್ನು ಮೊದಲು ನೆನೆಯಬೇಕು. 1876ರಿಂದ 1878ರ ವರೆಗಿನ ಧಾತು-ಈಶ್ವರ ಸಂವತ್ಸರಗಳ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆಯ ಸುಮಾರು ಐದನೆಯ ಒಂದು ಭಾಗ ನಷ್ಟವಾಯಿತು. ಅದಾದ ಎರಡು ದಶಕಗಳಲ್ಲಿ ಚಾಮರಾಜಪೇಟೆಯೂ, 1898ರ ಪ್ಲೇಗಿನ ಅನಂತರ ಬಸವನಗುಡಿ ಮಲ್ಲೇಶ್ವರಗಳೂ ಬೆಳೆದುವು. ಆ ಬಡಾವಣೆಗಳಿಗೆ ಬಂದು ನೆಲಸಿದ ಹಿರಿಯರಲ್ಲಿ ಕ್ಷಾಮವನ್ನು ಕಣ್ಣಾರೆ ಕಂಡವರು ಇದ್ದೇ ಇದ್ದರು. ಅವರಿಗೆ ಮೈತುಂಬಿಕೊಂಡ ದೇಹ ರೋಗದ ಗುರುತಲ್ಲ, ಸೌಭಾಗ್ಯದ ಗುರುತು. ಇಂದು ಅದೇ ಬೀದಿಗಳಲ್ಲಿ ವೈದ್ಯರ ಬಳಿಗೆ ಹೋದವರಿಗೆ ದೊರೆಯುವ ಮೊದಲ ಬುದ್ಧಿಮಾತು “ಬಾಯಿ ಕಟ್ಟಬೇಕು” ಎಂಬುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕ ಸ್ತ್ರೀಯರಲ್ಲಿ ಶೇಕಡ 24ರಷ್ಟು ಮಂದಿ ಮಿತಿಮೀರಿದ ತೂಕದವರು. ಶೇಕಡ 19ರಷ್ಟು ಮಂದಿ ಇರಬೇಕಾದುದಕ್ಕಿಂತ ಕಡಮೆ ತೂಕದವರು. ಕ್ಷಾಮವೂ ಸ್ಥೌಲ್ಯವೂ ಒಂದೇ ದೇಶದಲ್ಲಿ ಪಕ್ಕಪಕ್ಕದಲ್ಲಿ ವಾಸಮಾಡುತ್ತಿವೆಯೆಂದು ಹೇಳಬಹುದು.

ಬಾಯಿ ಕಟ್ಟುವ ಶಕ್ತಿ ಮನುಷ್ಯನ ಸಂಕಲ್ಪಕ್ಕೆ ಸೇರಿದ್ದೇ, ಅಥವಾ ಮೆದುಳಿನ ಯಾವುದೋ ಒಂದು ಭಾಗದ ವ್ಯಾಪಾರವೇ? ಅದು ಮೆದುಳಿನ ವ್ಯಾಪಾರವೆಂದಾದರೆ, ಆ ಭಾಗವನ್ನು ವಿದ್ಯುತ್ತಿನಿಂದ ಮುಟ್ಟಿ ಸ್ಥೌಲ್ಯವನ್ನು ನೀಗಬಹುದೇ? ಈ ಎರಡು ಪ್ರಶ್ನೆಗಳ ಚರಿತ್ರೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಮೆದುಳಿನಲ್ಲಿ ಒಂದು ಸ್ಥಾನವನ್ನು ಕಂಡುಹಿಡಿಯುವುದು ಬೇರೆ, ಅದರಿಂದ ಒಂದು ಚಿಕಿತ್ಸೆಯನ್ನು ಪಡೆಯುವುದು ಬೇರೆ ಎಂಬುದೇ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠವೆಂದು ತೋರಿಸಲು ಇಲ್ಲಿ ಪ್ರಯತ್ನಿಸಿದೆ.

2. ಪ್ರಾಚೀನರ ವಿವೇಚನೆ

ಸ್ಥೌಲ್ಯವನ್ನು ರೋಗವೆಂದು ಗಣಿಸಿ ಅದರ ಕಾರಣವನ್ನು ವಿಚಾರಿಸಿದ್ದು ಆಧುನಿಕರೇ ಮೊದಲಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯವು ಲೋಕನಿಂದೆಗೆ ಗುರಿಯಾದ ಎಂಟು ಬಗೆಯ ದೇಹಗಳನ್ನು ಹೇಳಿ, ಅವುಗಳಲ್ಲಿ ಅತಿಸ್ಥೂಲ ಮತ್ತು ಅತಿಕೃಶ ಎಂಬ ಎರಡನ್ನು ವಿಶೇಷವಾಗಿ ಚರ್ಚಿಸುತ್ತದೆ. ಅತಿಭೋಜನ, ವ್ಯಾಯಾಮದ ಅಭಾವ, ಹಗಲುನಿದ್ರೆ ಮೊದಲಾದ ಕಾರಣಗಳ ಜೊತೆಯಲ್ಲಿ ಬೀಜಸ್ವಭಾವವನ್ನೂ, ಎಂದರೆ ತಂದೆತಾಯಿಗಳಿಂದ ಬಂದ ಗುಣವನ್ನೂ, ಅಲ್ಲಿ ಎಣಿಸಿರುವುದು ಗಮನಾರ್ಹವಾಗಿದೆ.

ಇದಕ್ಕಿಂತಲೂ ಗಮನಾರ್ಹವಾದುದು ಹಸಿವಿನ ವಿಷಯವಾಗಿ ಅಲ್ಲಿ ಕೊಟ್ಟಿರುವ ವಿವರಣೆ. ಮೇದಸ್ಸು ದೇಹದ ಮಾರ್ಗಗಳನ್ನು ಮುಚ್ಚುತ್ತದೆ. ಅದರಿಂದ ವಾಯುವು ಕೋಷ್ಠದಲ್ಲಿಯೇ ಸಂಚರಿಸಿ ಜಠರಾಗ್ನಿಯನ್ನು ಕೆರಳಿಸುತ್ತದೆ. ಉಂಡದ್ದು ಬೇಗನೆ ಕರಗಿ ಸ್ಥೂಲದೇಹಿ ಮತ್ತೆ ಮತ್ತೆ ಆಹಾರವನ್ನು ಬಯಸುತ್ತಾನೆ. ಅಂದರೆ ಹೆಚ್ಚು ತಿಂದದ್ದರಿಂದ ದಪ್ಪವಾಗುವುದು ಎಷ್ಟು ನಿಜವೋ ದಪ್ಪವಾದುದರಿಂದ ಹಸಿವು ಹೆಚ್ಚುವುದೂ ಅಷ್ಟೇ ನಿಜವೆಂಬುದು ಚರಕಮತ. ವಾತಾಗ್ನಿಗಳ ಪರಿಭಾಷೆಯನ್ನು ಇಂದಿನ ಶರೀರವಿಜ್ಞಾನದ ಪರಿಭಾಷೆಯೊಡನೆ ಸಮೀಕರಿಸುವುದು ಸಲ್ಲದು. ಆದರೂ ಸ್ಥೂಲದೇಹಿಯ ಹಸಿವನ್ನು ದುರಾಸೆಯೆಂದು ತಳ್ಳಿಹಾಕದೆ, ಅದಕ್ಕೆ ದೇಹದೊಳಗೇ ಒಂದು ಕಾರಣವನ್ನು ಹುಡುಕಿದ ಈ ದೃಷ್ಟಿ ನಿಂದೆಗಿಂತ ಎಷ್ಟೋ ಮೇಲಾದುದು. ಸ್ಥೂಲನಿಗೆ ಚಿಕಿತ್ಸೆ ಕಷ್ಟಸಾಧ್ಯವೆಂದೂ ಅಲ್ಲಿಯೇ ಒಪ್ಪಿಕೊಂಡಿದೆ.

3. ಬೆಂಗಳೂರಿನ ಮಾನಸಿಕ ಆಸ್ಪತ್ರೆ

ಹಸಿವಿನ ಮೂಲವನ್ನು ಹೊಟ್ಟೆಯಿಂದ ಮೆದುಳಿಗೆ ಒಯ್ದುದು ಇಪ್ಪತ್ತನೆಯ ಶತಮಾನ. ಆ ಕಥೆಯನ್ನು ತಿಳಿಯುವ ಮುನ್ನ, ರೋಗಪರಿಹಾರಕ್ಕಾಗಿ ಮೆದುಳಿಗೇ ಕೈಯಿಕ್ಕುವ ಕಾರ್ಯ ನಮ್ಮ ಊರಿನಲ್ಲಿ ಹೇಗೆ ಆರಂಭವಾಯಿತೆಂಬುದನ್ನು ನೋಡಬೇಕು.

1847ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹುಚ್ಚರ ಆಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತು. ಪೇಟೆಯ ಇಕ್ಕಟ್ಟಿನಲ್ಲಿದ್ದ ಆ ಸಂಸ್ಥೆ 1930ರ ದಶಕದಲ್ಲಿ ಹೊಸೂರು ರಸ್ತೆಯ ವಿಶಾಲವಾದ ಆವರಣಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ಮುಖ್ಯಸ್ಥರಾಗಿದ್ದ ಡಾ. ಎಂ. ವಿ. ಗೋವಿಂದಸ್ವಾಮಿಯವರು ವಿದೇಶಗಳಲ್ಲಿ ವ್ಯಾಸಂಗಮಾಡಿ ಬಂದವರು. ಆ ಕಾಲದ ಹೊಸ ಚಿಕಿತ್ಸಾಕ್ರಮಗಳನ್ನು ತಡಮಾಡದೆ ಇಲ್ಲಿಗೆ ತಂದವರು. ಅವುಗಳಲ್ಲಿ ಒಂದು ಲ್ಯೂಕಾಟಮಿ ಎಂಬ ಶಸ್ತ್ರಕ್ರಿಯೆ. ಪೋರ್ಚುಗಲ್ಲಿನ ಎಗಾಸ್ ಮೋನಿಜ್ 1935ರಲ್ಲಿ ಆರಂಭಿಸಿದ ಈ ಕ್ರಮದಲ್ಲಿ ತಲೆಬುರುಡೆಯಲ್ಲಿ ರಂಧ್ರಗಳನ್ನು ಕೊರೆದು, ಮೆದುಳಿನ ಮುಂಭಾಗವನ್ನು ಒಳಭಾಗಗಳೊಡನೆ ಕೂಡಿಸುವ ನರತಂತುಗಳನ್ನು ಕತ್ತರಿಸಲಾಗುತ್ತಿತ್ತು. ಗೋವಿಂದಸ್ವಾಮಿಯವರೂ ಶಸ್ತ್ರವೈದ್ಯರಾದ ಡಾ. ಬಿ. ಎನ್. ಬಾಲಕೃಷ್ಣರಾಯರೂ ಕೂಡಿ ಭಾರತೀಯ ರೋಗಿಗಳಲ್ಲಿ ಈ ಕ್ರಿಯೆಯನ್ನು ನಡೆಸಿ, ಅದರ ವರದಿಯನ್ನು 1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅಂದಿನ ಸನ್ನಿವೇಶವನ್ನು ಅರಿಯದೆ ಈ ವೈದ್ಯರನ್ನು ದೂಷಿಸುವುದು ಚರಿತ್ರಕಾರನ ಧರ್ಮವಲ್ಲ. ಉನ್ಮಾದಕ್ಕೆ ತಕ್ಕ ಔಷಧವೇ ಆಗ ಇರಲಿಲ್ಲ; ಕ್ಲೋರ್‌ಪ್ರೊಮಜೀನ್ ಬಳಕೆಗೆ ಬಂದದ್ದು 1952ರಲ್ಲಿ. ವರ್ಷಗಟ್ಟಲೆ ಕೊಠಡಿಗಳಲ್ಲಿ ಕೊಳೆಯುತ್ತಿದ್ದ ರೋಗಿಗಳಲ್ಲಿ ಕೆಲವರಾದರೂ ಶಾಂತರಾಗಿ ಮನೆಗೆ ಹಿಂದಿರುಗಿದರೆ ಅದೇ ದೊಡ್ಡ ಲಾಭವೆಂಬ ಭಾವನೆ ಲೋಕದಲ್ಲೆಲ್ಲ ಇತ್ತು. ಮೋನಿಜ್‌ಗೆ 1949ರಲ್ಲಿ ನೊಬೆಲ್ ಪಾರಿತೋಷಕವೂ ದೊರೆಯಿತು. ಆದರೆ ಕಾಲಕ್ರಮದಲ್ಲಿ ಈ ಕ್ರಿಯೆಯ ಬೆಲೆ ಗೊತ್ತಾಯಿತು. ರೋಗಿಯ ಉದ್ವೇಗದೊಡನೆ ಅವನ ಉತ್ಸಾಹ, ಮುಂದಾಲೋಚನೆ, ಸಂಕೋಚಗಳೂ ಕುಗ್ಗುತ್ತಿದ್ದುವು.

ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟ ಇನ್ನೊಂದು ಪರಿಣಾಮವೂ ಉಂಟು. ಲ್ಯೂಕಾಟಮಿಗೆ ಒಳಗಾದವರಲ್ಲಿ ಹಲವರು ಮಿತಿಯಿಲ್ಲದೆ ತಿನ್ನತೊಡಗಿ ದಪ್ಪವಾಗುತ್ತಿದ್ದರೆಂದು ಬೇರೆ ಬೇರೆ ದೇಶಗಳ ವೈದ್ಯರು ದಾಖಲುಮಾಡಿದರು. ಯಾರೂ ಬಯಸದೆ, ಯಾರೂ ಎದುರುನೋಡದೆ, ಒಂದು ಸತ್ಯ ಹೊರಬಿದ್ದಿತು: ಬಾಯಿ ಕಟ್ಟುವ ಶಕ್ತಿಯೂ ನರತಂತುಗಳನ್ನು ಆಶ್ರಯಿಸಿದೆ, ತಂತು ಕಡಿದರೆ ಆ ಶಕ್ತಿಯೂ ಸಡಿಲವಾಗುತ್ತದೆ. ಒಂದು ಉದ್ದೇಶದಿಂದ ಮೆದುಳನ್ನು ಮುಟ್ಟಿದರೆ ಮತ್ತೊಂದು ಫಲವೂ ಅದರೊಡನೆ ಬರಬಹುದೆಂಬುದಕ್ಕೆ ಇದು ಮೊದಲ ನಿದರ್ಶನ.

4. ಎರಡು ಕೇಂದ್ರಗಳ ಸಿದ್ಧಾಂತ

ಲ್ಯೂಕಾಟಮಿ ಮೆದುಳಿನ ಮುಂಭಾಗಕ್ಕೆ ಸಂಬಂಧಿಸಿದ್ದು. ಅದೇ ಕಾಲದಲ್ಲಿ ಶರೀರವಿಜ್ಞಾನಿಗಳ ದೃಷ್ಟಿ ಮೆದುಳಿನ ಬುಡದಲ್ಲಿರುವ ಹೈಪೊಥಾಲಮಸ್ ಎಂಬ ಚಿಕ್ಕ ಭಾಗದ ಕಡೆಗೆ ಹರಿದಿತ್ತು. ಪಿಟ್ಯುಟರಿ ಗ್ರಂಥಿಯ ಬಳಿ ಗಡ್ಡೆ ಬೆಳೆದ ಬಾಲಕನೊಬ್ಬ ವಿಪರೀತ ಸ್ಥೂಲನಾದುದನ್ನು ವಿಯೆನ್ನಾದ ಫ್ರೋಲಿಕ್ 1901ರಲ್ಲಿ ವರ್ಣಿಸಿದ್ದನು. ದೋಷ ಗ್ರಂಥಿಯದೋ, ಅದರ ಮೇಲಣ ಮೆದುಳಿನದೋ ಎಂಬ ವಿವಾದ ಬಹುಕಾಲ ನಡೆಯಿತು. 1940ರಲ್ಲಿ ಅಮೆರಿಕದ ಹೆದರಿಂಗ್ಟನ್ ಮತ್ತು ರ‍್ಯಾನ್ಸನ್ ಎಂಬುವರು ಗ್ರಂಥಿಯನ್ನು ಮುಟ್ಟದೆ, ಇಲಿಗಳ ಹೈಪೊಥಾಲಮಸ್ಸಿನ ಮಧ್ಯಭಾಗದಲ್ಲಿ ಸೂಕ್ಷ್ಮವಾದ ಗಾಯಗಳನ್ನು ಮಾಡಿದರು. ಇಲಿಗಳು ದಪ್ಪವಾಗತೊಡಗಿದುವು. ತೃಪ್ತಿಯ ಸೂಚನೆ ಕೊಡತಕ್ಕ ಸ್ಥಾನವೊಂದು ಅಲ್ಲಿ ಇದೆಯೆಂದು ಇದರಿಂದ ಊಹಿಸಲಾಯಿತು.

ಅದರ ಎದುರು ಜೋಡಿಯನ್ನು ಕಂಡುಹಿಡಿದ ಕೀರ್ತಿಯಲ್ಲಿ ಭಾರತೀಯರೊಬ್ಬರಿಗೆ ಪಾಲಿದೆ. ದಿಲ್ಲಿಯಿಂದ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿದ್ದ ಡಾ. ಬಾಲ್ ಕೃಷ್ಣ ಆನಂದ್ ಅವರು ಜಾನ್ ಬ್ರೋಬೆಕ್‌ರೊಡನೆ ಕೆಲಸಮಾಡಿ 1951ರಲ್ಲಿ ಒಂದು ವಿಸ್ಮಯಕರ ಫಲಿತಾಂಶವನ್ನು ಪ್ರಕಟಿಸಿದರು. ಹೈಪೊಥಾಲಮಸ್ಸಿನ ಎರಡು ಪಾರ್ಶ್ವಗಳಲ್ಲಿಯೂ ಗಾಯಮಾಡಿದರೆ ಪ್ರಾಣಿ ತಿನ್ನುವುದನ್ನೇ ನಿಲ್ಲಿಸುತ್ತದೆ. ಆಹಾರ ಮುಂದಿದ್ದರೂ ಮುಟ್ಟದೆ ಉಪವಾಸದಿಂದ ಸಾಯುತ್ತದೆ. ಎರಡು ವರ್ಷಗಳ ಅನಂತರ, 1953ರಲ್ಲಿ, ಆನಂದರೂ ಹೋಸೆ ಡೆಲ್ಗಾಡೊ ಎಂಬ ವಿಜ್ಞಾನಿಯೂ ಬೆಕ್ಕುಗಳ ಮೆದುಳಿನಲ್ಲಿ ವಿದ್ಯುದಗ್ರಗಳನ್ನು ನೆಟ್ಟು, ಇದೇ ಪಾರ್ಶ್ವಭಾಗವನ್ನು ವಿದ್ಯುತ್ತಿನಿಂದ ಉದ್ದೀಪಿಸಿದರೆ ಅವು ಹೆಚ್ಚು ತಿನ್ನುತ್ತವೆಂದು ತೋರಿಸಿದರು. ಗಾಯದಿಂದ ಹಸಿವು ಅಡಗುತ್ತದೆ, ಉದ್ದೀಪನದಿಂದ ಕೆರಳುತ್ತದೆ. ಆದುದರಿಂದ ಇದೇ ಹಸಿವಿನ ಕೇಂದ್ರವೆಂಬ ತೀರ್ಮಾನ ಸಹಜವಾಗಿ ಹೊರಟಿತು.

ಭಾರತಕ್ಕೆ ಹಿಂದಿರುಗಿ ದಿಲ್ಲಿಯಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಶರೀರವಿಜ್ಞಾನ ವಿಭಾಗವನ್ನು ಕಟ್ಟಿದ ಆನಂದರು ಈ ಸಂಶೋಧನೆಯನ್ನು ಮುಂದುವರಿಸಿದರು. ರಕ್ತದಲ್ಲಿ ಸಕ್ಕರೆ ಏರಿದಾಗ ಮಧ್ಯಕೇಂದ್ರದ ನರಕೋಶಗಳ ಚಟುವಟಿಕೆ ಹೆಚ್ಚಿ, ಪಾರ್ಶ್ವಕೇಂದ್ರದ ನರಕೋಶಗಳ ಚಟುವಟಿಕೆ ತಗ್ಗುತ್ತದೆಂದು 1964ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಪ್ರಕಟಿಸಿದರು. ಹೀಗೆ ಒಂದು ತಕ್ಕಡಿಯ ಚಿತ್ರ ಸಿದ್ಧವಾಯಿತು: ಒಂದು ತಟ್ಟೆಯಲ್ಲಿ ಹಸಿವು, ಇನ್ನೊಂದರಲ್ಲಿ ತೃಪ್ತಿ. ಕಾಲೇಜು ಪಠ್ಯಪುಸ್ತಕಗಳಲ್ಲಿ ಬಹುಕಾಲ ನೆಲೆಯೂರಿದ ಚಿತ್ರ ಇದೇ.

ಇಂಥ ಸರಳವಾದ ಚಿತ್ರದಿಂದ ಚಿಕಿತ್ಸೆಯ ಆಸೆ ಹುಟ್ಟಿದುದು ಆಶ್ಚರ್ಯವಲ್ಲ. ಹಸಿವಿನ ತಟ್ಟೆಯನ್ನು ಹಗುರಗೊಳಿಸಿದರೆ, ಅಥವಾ ತೃಪ್ತಿಯ ತಟ್ಟೆಗೆ ಭಾರವನ್ನಿಟ್ಟರೆ, ಸ್ಥೂಲನು ಕೃಶನಾಗಬೇಕಲ್ಲವೇ?

5. ಕೊಪನ್‌ಹೇಗನ್ನಿನ ಪ್ರಯತ್ನ

ಮೆದುಳಿನ ಆಳದಲ್ಲಿ ಗೊತ್ತಾದ ಬಿಂದುವನ್ನು ತಲಪುವ ಸ್ಟೀರಿಯೊಟ್ಯಾಕ್ಸಿಕ್ ಯಂತ್ರವನ್ನು ಹಾರ್ಸ್ಲಿ ಮತ್ತು ಕ್ಲಾರ್ಕ್ 1908ರಲ್ಲಿಯೇ ಪ್ರಾಣಿಗಳಿಗಾಗಿ ರೂಪಿಸಿದ್ದರು. ಶತಮಾನದ ಮಧ್ಯಭಾಗಕ್ಕೆ ಅದು ಮನುಷ್ಯರ ಶಸ್ತ್ರಚಿಕಿತ್ಸೆಗೂ ಬಂದಿತು. ಬೆಂಗಳೂರಿನಲ್ಲಿ ಡಾ. ಆರ್. ಎಂ. ವರ್ಮ ಅವರು ನರಶಸ್ತ್ರಚಿಕಿತ್ಸೆಯನ್ನು ಆರಂಭಿಸಿ, ಪಾರ್ಕಿನ್ಸನ್ ರೋಗದ ನಡುಕವನ್ನು ತಗ್ಗಿಸಲು ಮೆದುಳಿನ ಆಳದ ಭಾಗಗಳಿಗೆ ಸೂಜಿಯನ್ನು ಒಯ್ಯುವ ತಮ್ಮದೇ ಆದ ವಿಧಾನವೊಂದನ್ನು ರೂಪಿಸಿದರು. ಮದರಾಸಿನಲ್ಲಿ ಬಿ. ರಾಮಮೂರ್ತಿ, ವಿ. ಬಾಲಸುಬ್ರಹ್ಮಣ್ಯಂ ಮೊದಲಾದವರು ಉಗ್ರವರ್ತನೆಯ ಶಮನಕ್ಕಾಗಿ ಮೆದುಳಿನ ಆಳದ ಭಾಗಗಳ ಮೇಲೆ ಶಸ್ತ್ರಕ್ರಿಯೆ ನಡೆಸಿದರು. ತಲಪುವ ದಾರಿ ಸಿದ್ಧವಾಗಿತ್ತು. ತಲಪಬೇಕಾದ ಸ್ಥಾನವೂ ಗೊತ್ತಾಗಿದೆಯೆಂಬ ನಂಬಿಕೆಯಿತ್ತು.

1974ರಲ್ಲಿ ಡೆನ್ಮಾರ್ಕಿನ ಕ್ವಾಡೆ ಮತ್ತು ಅವರ ಸಹೋದ್ಯೋಗಿಗಳು ಅತಿಸ್ಥೂಲರಾದ ಕೆಲವೇ ರೋಗಿಗಳ ಪಾರ್ಶ್ವ ಹೈಪೊಥಾಲಮಸ್ಸಿಗೆ ವಿದ್ಯುದಗ್ರವನ್ನು ಇಳಿಸಿದರು. ಉದ್ದೀಪನದಿಂದ ರೋಗಿಗೆ ಹಸಿವಿನ ಅನುಭವವಾಗುವ ಬಿಂದುವನ್ನು ಹುಡುಕಿ ಅದನ್ನು ವಿದ್ಯುತ್ತಿನಿಂದ ಸುಡುವುದು ಅವರ ಕ್ರಮ. ಮನುಷ್ಯರಲ್ಲಿಯೂ ಆ ಭಾಗದ ಉದ್ದೀಪನದಿಂದ ಹಸಿವು ಹುಟ್ಟಬಹುದೆಂಬುದು ಕಂಡುಬಂದಿತು. ಆದರೆ ಆಹಾರ ಕಡಮೆಯಾದುದು ಸ್ವಲ್ಪಕಾಲ. ತೂಕ ಇಳಿದುದು ಸ್ವಲ್ಪಮಟ್ಟಿಗೆ. ಶಾಶ್ವತವಾದ ಗಾಯಕ್ಕೆ ದೊರೆತ ಪ್ರತಿಫಲ ತಾತ್ಕಾಲಿಕವಾಗಿತ್ತು. ಸಿದ್ಧಾಂತ ಅಷ್ಟು ಸ್ಪಷ್ಟವಾಗಿರುವಾಗ ಫಲ ಇಷ್ಟು ಅಲ್ಪವಾದುದೇಕೆಂಬುದನ್ನು ತಿಳಿಯಲು ಸಿದ್ಧಾಂತವನ್ನೇ ಮತ್ತೊಮ್ಮೆ ಪರೀಕ್ಷಿಸಬೇಕಾಯಿತು.

6. ಸಿದ್ಧಾಂತದ ಶೈಥಿಲ್ಯ ಮತ್ತು ಬೆಂಗಳೂರಿನ ಇಲಿಗಳು

ಆ ಪರೀಕ್ಷೆ ವಾಸ್ತವವಾಗಿ ಮೊದಲೇ ಆರಂಭವಾಗಿತ್ತು. ಪಾರ್ಶ್ವಭಾಗದ ಗಾಯದಿಂದ ಊಟ ಬಿಟ್ಟ ಇಲಿಗಳಿಗೆ ಕೊಳವೆಯ ಮೂಲಕ ಆಹಾರ ಕೊಟ್ಟು ಕೆಲವು ಕಾಲ ಬದುಕಿಸಿದರೆ ಅವು ಕ್ರಮೇಣ ತಾವೇ ತಿನ್ನತೊಡಗುತ್ತವೆಂದು ಟೈಟೆಲ್‌ಬಾಮ್ ಮತ್ತು ಸ್ಟೆಲ್ಲರ್ 1954ರಲ್ಲಿ ತೋರಿಸಿದ್ದರು. ಹಸಿವಿನ ಏಕೈಕ ಕೇಂದ್ರ ನಾಶವಾಗಿದ್ದರೆ ಹಸಿವು ಮರಳಿ ಬಂದುದು ಎಲ್ಲಿಂದ? 1971ರಲ್ಲಿ ಸ್ವೀಡನ್ನಿನ ಉಂಗರ್‌ಸ್ಟೆಡ್ಟ್ ಮತ್ತೊಂದು ಸಂದೇಹವನ್ನು ಮುಂದಿಟ್ಟನು. ಆ ಪಾರ್ಶ್ವಭಾಗದ ಮೂಲಕ ಡೋಪಮೀನ್ ಎಂಬ ರಾಸಾಯನಿಕವನ್ನು ಒಯ್ಯುವ ನರತಂತುಗಳು ಬೇರೆಡೆಗೆ ಹಾದುಹೋಗುತ್ತವೆ. ಆ ತಂತುಗಳನ್ನು ಮಾತ್ರ ನಾಶಮಾಡಿದರೂ ಪ್ರಾಣಿ ಊಟ ಬಿಡುತ್ತದೆ. ಅರಮನೆಯೆಂದು ತಿಳಿದದ್ದು ಬಹುಮಟ್ಟಿಗೆ ರಾಜಬೀದಿಯಾಗಿತ್ತು. ಅಲ್ಲಿ ವಾಸಿಸುವವರೂ ಇದ್ದರು, ಹಾದುಹೋಗುವವರೂ ಇದ್ದರು. ಗಾಯ ಇಬ್ಬರನ್ನೂ ಒಟ್ಟಿಗೆ ತೊಲಗಿಸಿತ್ತು.

ಮೂರನೆಯ ಸಂದೇಹವೂ 1954ನೆಯ ಇಸವಿಯದೇ. ಕೆನಡಾದಲ್ಲಿ ಓಲ್ಡ್ಸ್ ಮತ್ತು ಮಿಲ್ನರ್ ಎಂಬುವರು ಇಲಿಯೊಂದು ಸನ್ನೆಯನ್ನು ತಾನೇ ಒತ್ತಿ ತನ್ನ ಮೆದುಳಿಗೆ ವಿದ್ಯುತ್ತನ್ನು ಹರಿಸಿಕೊಳ್ಳುವಂತೆ ಏರ್ಪಡಿಸಿದರು. ಮೆದುಳಿನ ಕೆಲವು ಸ್ಥಾನಗಳಲ್ಲಿ ವಿದ್ಯುದಗ್ರವಿದ್ದಾಗ ಇಲಿ ಸನ್ನೆಯನ್ನು ಬಿಡದೆ ಒತ್ತುತ್ತಿತ್ತು. ಪಾರ್ಶ್ವ ಹೈಪೊಥಾಲಮಸ್ಸು ಇಂಥ ಸ್ಥಾನಗಳಲ್ಲಿ ಮುಖ್ಯವಾದುದೆಂದು ಮುಂದೆ ತಿಳಿದುಬಂದಿತು. ಊಟ ಮತ್ತು ಸನ್ನೆ ಎರಡರಲ್ಲಿ ಒಂದನ್ನು ಆರಿಸಬೇಕಾದ ಇಲಿಗಳಲ್ಲಿ ಕೆಲವು ಸನ್ನೆಯನ್ನೇ ಆರಿಸಿ ಆಹಾರವಿಲ್ಲದೆ ಕ್ಷೀಣಿಸಿದುದನ್ನು 1965ರಲ್ಲಿ ರೌಟನ್‌ಬರ್ಗ್ ಮತ್ತು ಲಿಂಡಿ ವರದಿಮಾಡಿದರು. ತಿನ್ನುವಂತೆ ಪ್ರೇರಿಸುವ ಸ್ಥಾನವೇ ತಿನ್ನುವುದನ್ನು ಮರೆಸುವ ಸುಖದ ಸ್ಥಾನವೂ ಆಗಿತ್ತು! ನಮ್ಮ ಗಾದೆಯ ಹಲಸೂ ಮಾವೂ ಒಂದೇ ತೋಟದಲ್ಲಿ, ಬೇರಿಗೆ ಬೇರು ಹೆಣೆದುಕೊಂಡು ಬೆಳೆದಿದ್ದುವು.

ಈ ಘಟ್ಟದಲ್ಲಿ ಕಥೆ ಮತ್ತೆ ಬೆಂಗಳೂರಿಗೆ ಬರುತ್ತದೆ. 1954ರಲ್ಲಿ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ಇಂದು ನಿಮ್ಹಾನ್ಸ್ ಎಂದು ಪ್ರಸಿದ್ಧವಾಗಿರುವ ರಾಷ್ಟ್ರೀಯ ಸಂಸ್ಥೆ ರೂಪುಗೊಂಡಿತು. ಅಲ್ಲಿನ ನರಶರೀರವಿಜ್ಞಾನ ವಿಭಾಗದಲ್ಲಿ ಟಿ. ದೇಸಿರಾಜು, ಬಿ. ಎಲ್. ಮೇಟಿ, ಟಿ. ಆರ್. ರಾಜು, ಬಿ. ಎಸ್. ಶಂಕರನಾರಾಯಣ ರಾವ್ ಮೊದಲಾದವರು ಇದೇ ಸ್ವಯಂ-ಉದ್ದೀಪನದ ಸಮಸ್ಯೆಯನ್ನು ದೀರ್ಘಕಾಲ ಅಭ್ಯಸಿಸಿದರು.

ಅವರ ಪ್ರಶ್ನೆ ಸ್ಥೌಲ್ಯದ್ದಲ್ಲ. ಆದರೆ ದೊರೆತ ಉತ್ತರ ಸ್ಥೌಲ್ಯಚಿಕಿತ್ಸೆಗೂ ಅನ್ವಯಿಸತಕ್ಕದ್ದು. ಇಲಿಗಳ ಪಾರ್ಶ್ವ ಹೈಪೊಥಾಲಮಸ್ಸಿನಲ್ಲಿಯೂ ನಡುಮೆದುಳಿನ ಡೋಪಮೀನ್ ನೆಲೆಗಳಲ್ಲಿಯೂ ವಿದ್ಯುದಗ್ರಗಳನ್ನಿಟ್ಟು, ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ಸ್ವಯಂ-ಉದ್ದೀಪನಕ್ಕೆ ಅವಕಾಶ ಕೊಡಲಾಯಿತು. ಆಮೇಲೆ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ವಿದ್ಯುದಗ್ರದಿಂದ ದೂರವಿರುವ, ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ಸಿನಲ್ಲಿಯೂ ಚಲನೆಗೆ ಸಂಬಂಧಪಟ್ಟ ಮೆದುಳಿನ ಹೊರಪದರದಲ್ಲಿಯೂ ನರಕೋಶಗಳ ಕವಲುಗಳು ಹೆಚ್ಚಾಗಿರುವುದು ಕಂಡುಬಂದಿತು. 1993ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಮುಂದಿನ ವರ್ಷಗಳ ಲೇಖನಗಳು ಪುಷ್ಟಿಕೊಟ್ಟುವು. ಅದೇ ದೂರದ ಭಾಗಗಳಲ್ಲಿ ನರಸಂಧಿಗಳ ಸಾಂದ್ರತೆ ಹೆಚ್ಚಿತ್ತು; ನಾರ್‌ಅಡ್ರಿನಲಿನ್, ಡೋಪಮೀನ್, ಗ್ಲುಟಮೇಟ್‌ಗಳ ಪ್ರಮಾಣವೂ ಏರಿತ್ತು.

ಇದರ ತಾತ್ಪರ್ಯವನ್ನು ವಿದ್ಯಾರ್ಥಿಗಳು ಚೆನ್ನಾಗಿ ಮನನಮಾಡಬೇಕು. ವಿದ್ಯುತ್ತನ್ನು ಹರಿಸಿದ್ದು ಒಂದೆಡೆ. ರಚನೆ ಬದಲಾದದ್ದು ಇನ್ನೊಂದೆಡೆ. ಮೆದುಳು ಗೋಡೆಯ ಮೇಲಣ ಗುಂಡಿಗಳ ಸಾಲಲ್ಲ, ಒಂದನ್ನು ಒತ್ತಿದರೆ ಒಂದೇ ದೀಪ ಹತ್ತುವುದಕ್ಕೆ. ಅದನ್ನು ಕೆರೆಗೆ ಹೋಲಿಸುವುದು ಮೇಲು: ಒಂದು ದಡದಲ್ಲಿ ಕಲ್ಲೆಸೆದರೆ ಅಲೆ ಇನ್ನೊಂದು ದಡವನ್ನು ಮುಟ್ಟುತ್ತದೆ.

7. ಪುನಃ ಮನುಷ್ಯರಲ್ಲಿ

ಬೆಂಗಳೂರಿನ ಇಲಿಗಳು ಸೂಚಿಸಿದ ಈ ವಿಷಯ ಹದಿನೈದು ವರ್ಷಗಳ ಅನಂತರ ಮನುಷ್ಯನಲ್ಲಿಯೇ ಅನಿರೀಕ್ಷಿತವಾಗಿ ಸಮರ್ಥಿತವಾಯಿತು. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿದ್ ಮತ್ತು ಅವರ ಸಂಗಡಿಗರು ಆರಂಭಿಸಿದ ಆಳ ಮೆದುಳಿನ ಉದ್ದೀಪನವು ಅಂಗವನ್ನು ಸುಡುವುದಿಲ್ಲ. ಎದೆಯ ಚರ್ಮದ ಕೆಳಗೆ ಇರಿಸಿದ ಯಂತ್ರದಿಂದ ವಿದ್ಯುದಗ್ರಕ್ಕೆ ಎಡೆಬಿಡದೆ ವಿದ್ಯುತ್ತನ್ನು ಕಳುಹಿಸುತ್ತದೆ, ಬೇಡವಾದರೆ ನಿಲ್ಲಿಸಬಹುದು. ಪಾರ್ಕಿನ್ಸನ್ ರೋಗದಲ್ಲಿ ಅದು ಯಶಸ್ವಿಯಾದ ಮೇಲೆ ಸ್ಥೌಲ್ಯದ ಆಸೆ ಮತ್ತೆ ಚಿಗುರಿತು.

ಟೊರಾಂಟೊ ನಗರದ ಲೋಜಾನೊ ಮತ್ತು ಸಹೋದ್ಯೋಗಿಗಳು ಜೀವಮಾನವೆಲ್ಲ ಸ್ಥೌಲ್ಯದಿಂದ ಬಳಲಿದ 50 ವರ್ಷದ ರೋಗಿಯೊಬ್ಬರ ಹೈಪೊಥಾಲಮಸ್ಸಿಗೆ ವಿದ್ಯುದಗ್ರಗಳನ್ನು ಇಳಿಸಿದರು. ವಿದ್ಯುತ್ತು ಹರಿದೊಡನೆ ರೋಗಿಗೆ ಹಲವು ವರ್ಷಗಳ ಹಿಂದೆ ಗೆಳೆಯರೊಡನೆ ಉದ್ಯಾನವೊಂದರಲ್ಲಿ ಇದ್ದ ದೃಶ್ಯ ಕಣ್ಣಿಗೆ ಕಟ್ಟಿದಂತೆ ಮರಳಿ ಬಂದಿತು. ಹಸಿವನ್ನು ಹುಡುಕಹೋದವರ ಕೈಗೆ ಸ್ಮೃತಿ ಸಿಕ್ಕಿತು. 2008ರಲ್ಲಿ ಪ್ರಕಟವಾದ ಈ ವರದಿ ಮರೆವಿನ ರೋಗದ ಚಿಕಿತ್ಸೆಯ ಕಡೆಗೆ ಸಂಶೋಧನೆಯನ್ನು ತಿರುಗಿಸಿತು. ಹೈಪೊಥಾಲಮಸ್ಸಿನ ಮಧ್ಯಭಾಗದ ಉದ್ದೀಪನದಿಂದ ತೀವ್ರವಾದ ಭಯದ ಆವೇಗ ಉಂಟಾದುದನ್ನು 2010ರಲ್ಲಿ ಬೇರೊಂದು ತಂಡ ದಾಖಲುಮಾಡಿತು. ತೃಪ್ತಿಯ ತಟ್ಟೆಯೆಂದು ಹೆಸರಾದ ಸ್ಥಾನದ ಪಕ್ಕದಲ್ಲಿಯೇ ಭೀತಿಯೂ ಕುಳಿತಿತ್ತು.

2013ರಲ್ಲಿ ಅಮೆರಿಕದ ಪಶ್ಚಿಮ ವರ್ಜೀನಿಯಾದಲ್ಲಿ ವೈಟಿಂಗ್ ಮತ್ತು ಸಂಗಡಿಗರು ಮೂವರು ಅತಿಸ್ಥೂಲರಲ್ಲಿ ಪಾರ್ಶ್ವ ಹೈಪೊಥಾಲಮಸ್ಸಿನ ಉದ್ದೀಪನವನ್ನು ಪರೀಕ್ಷಿಸಿದರು. ಮುಖ್ಯವಾಗಿ ಅದು ಸುರಕ್ಷತೆಯ ಪರೀಕ್ಷೆ; ತೂಕದ ವಿಷಯದಲ್ಲಿ ಅದರಿಂದ ದೃಢವಾದ ತೀರ್ಮಾನ ಹೊರಡಲಿಲ್ಲ. 2022ರಲ್ಲಿ ಪ್ರಕಟವಾದ ಮತ್ತೊಂದು ಪ್ರಯತ್ನ ಹೈಪೊಥಾಲಮಸ್ಸನ್ನು ಬಿಟ್ಟು ಸುಖಾಪೇಕ್ಷೆಗೆ ಸಂಬಂಧಿಸಿದ ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಭಾಗವನ್ನು ಆರಿಸಿತು. ಹಿಡಿತತಪ್ಪಿ ತಿನ್ನುವ ಸ್ವಭಾವದ ಇಬ್ಬರು ರೋಗಿಗಳಲ್ಲಿ, ತಿನ್ನುವ ತವಕ ಮೂಡುವ ಕ್ಷಣದ ವಿದ್ಯುತ್ ಲಕ್ಷಣವನ್ನು ಯಂತ್ರವೇ ಗುರುತಿಸಿ ಆಗ ಮಾತ್ರ ಉದ್ದೀಪನ ಕೊಡುವಂತೆ ಏರ್ಪಡಿಸಲಾಗಿತ್ತು. ಆರು ತಿಂಗಳಲ್ಲಿ ಇಬ್ಬರಿಗೂ ಗುಣ ಕಂಡಿತು. ಫಲ ಆಶಾದಾಯಕ, ಆದರೆ ಇಬ್ಬರಿಂದ ಲೋಕಕ್ಕೆ ನಿಯಮ ಹೇಳಲಾಗದು.

ತಲೆಬುರುಡೆಯನ್ನು ತೆರೆಯದೆ ಹೊರಗಿನಿಂದಲೇ ಕಾಂತಕ್ಷೇತ್ರವನ್ನೋ ಅತಿಮಂದವಾದ ವಿದ್ಯುತ್ತನ್ನೋ ಹಾಯಿಸುವ ಕ್ರಮಗಳೂ ಇವೆ. ಖಿನ್ನತೆ, ಸ್ಕಿಜೋಫ್ರೇನಿಯಾ ಮೊದಲಾದ ರೋಗಗಳಲ್ಲಿ ಇವುಗಳ ಅಭ್ಯಾಸ ನಿಮ್ಹಾನ್ಸಿನಲ್ಲಿಯೂ ನಡೆದಿದೆ. ಸ್ಥೌಲ್ಯದಲ್ಲಿ ಇವನ್ನು ಪರೀಕ್ಷಿಸಿದವರು ಬಹುಮಟ್ಟಿಗೆ ಮೆದುಳಿನ ಮುಂಭಾಗವನ್ನೇ ಆರಿಸಿಕೊಂಡಿದ್ದಾರೆ. ತಿನ್ನುವ ತವಕ ಕೆಲವರಲ್ಲಿ ತಗ್ಗಿದೆಯಾದರೂ ಪರಿಣಾಮ ಅಲ್ಪ, ಅದರ ಅವಧಿಯೂ ಅಲ್ಪ. 1944ರ ವರದಿಯ ಕಾಲದಲ್ಲಿ ಯಾವ ಮುಂಭಾಗದ ತಂತುಗಳನ್ನು ಕತ್ತರಿಸಲಾಗುತ್ತಿತ್ತೋ ಅದನ್ನೇ ಈಗ ಹಗುರವಾಗಿ ಎಚ್ಚರಿಸಿ ಸಂಯಮವನ್ನು ಬಲಪಡಿಸಲು ಯತ್ನಿಸುತ್ತಿರುವುದು ಚರಿತ್ರೆಯ ಒಂದು ವಿಚಿತ್ರ ಪರಿವರ್ತನೆ.

8. ಉಪಸಂಹಾರ

ಮೇಲಣ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಆನಂದ್ ಮತ್ತು ಬ್ರೋಬೆಕ್ ಅವರು ಹಸಿವಿನ ಸ್ಥಾನವನ್ನು ಸೂಚಿಸಿ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದೆ. ಆ ಸ್ಥಾನದ ಉದ್ದೀಪನ ಇಂದಿಗೂ ಸ್ಥೌಲ್ಯಕ್ಕೆ ಸಿದ್ಧವಾದ ಚಿಕಿತ್ಸೆಯಲ್ಲ, ಪ್ರಯೋಗಾವಸ್ಥೆಯಲ್ಲಿರುವ ವಿಚಾರ. ಇದು ಅವರ ಸಂಶೋಧನೆಯ ಸೋಲಲ್ಲ. ಸ್ಥಾನದ ಜ್ಞಾನಕ್ಕೂ ಚಿಕಿತ್ಸೆಯ ಜ್ಞಾನಕ್ಕೂ ನಡುವೆ ಇರುವ ದೂರದ ಅಳತೆ. ಆ ದೂರವನ್ನು ಒಂದೇ ನೆಗೆತದಲ್ಲಿ ದಾಟಹೋದವರು ಕೊಪನ್‌ಹೇಗನ್ನಿನವರು. ಅದರ ಉದ್ದಕ್ಕೂ ನಡೆದು ನೋಡಿದವರು ಪ್ರಯೋಗಶಾಲೆಯ ತಾಳ್ಮೆವಂತರು. ಲ್ಯೂಕಾಟಮಿಯ ಆತುರವನ್ನೂ ಸ್ವಯಂ-ಉದ್ದೀಪನದ ಪ್ರಯೋಗಗಳ ತಾಳ್ಮೆಯನ್ನೂ ಹೊಸೂರು ರಸ್ತೆಯ ಆ ಒಂದೇ ಆವರಣ ಕಂಡಿರುವುದರಿಂದ, ಬೆಂಗಳೂರಿನ ವಿದ್ಯಾರ್ಥಿಗೆ ಈ ಪಾಠಕ್ಕಾಗಿ ದೂರ ಹೋಗಬೇಕಾಗಿಲ್ಲ.

ಎರಡನೆಯದಾಗಿ, ಹಸಿವು ಮೆದುಳಿನ ವ್ಯಾಪಾರವೆಂಬ ಜ್ಞಾನ ವ್ಯರ್ಥವಾಗಿಲ್ಲ. ಕೊಬ್ಬಿನ ಕೋಶಗಳು ಮೆದುಳಿಗೆ ಕಳುಹಿಸುವ ಲೆಪ್ಟಿನ್ ಎಂಬ ಸಂದೇಶದ್ರವ್ಯ 1994ರಲ್ಲಿ ಗೊತ್ತಾಯಿತು. ಹುಟ್ಟಿನಿಂದ ಅದರ ಅಭಾವವಿದ್ದು ತಣಿಯದ ಹಸಿವಿನಿಂದ ಅತಿಸ್ಥೂಲವಾಗಿದ್ದ ಮಗುವಿಗೆ ಅದನ್ನು ಕೊಟ್ಟಾಗ ಹಸಿವು ಸಹಜಸ್ಥಿತಿಗೆ ಬಂದಿತೆಂದು 1999ರಲ್ಲಿ ವರದಿಯಾಯಿತು. ಕರುಳಿನ ಹಾರ್ಮೋನೊಂದನ್ನು ಅನುಕರಿಸಿ ಮೆದುಳಿನ ಮೇಲೆಯೂ ಕೆಲಸಮಾಡುವ ಸೆಮಾಗ್ಲುಟೈಡ್ ಎಂಬ ಔಷಧದಿಂದ ದೇಹತೂಕ ಸರಾಸರಿ ಶೇಕಡ 15ರಷ್ಟು ಇಳಿದುದು 2021ರ ದೊಡ್ಡ ಪರೀಕ್ಷೆಯೊಂದರಲ್ಲಿ ಕಂಡುಬಂದಿತು. ವಿದ್ಯುದಗ್ರ ತಲಪಲಾರದ ಗುರಿಯನ್ನು ರಕ್ತದಲ್ಲಿ ಹರಿಯುವ ಸಂದೇಶ ಬಹುಮಟ್ಟಿಗೆ ತಲಪಿದೆ. ಆ ಔಷಧಕ್ಕೂ ಅದರದೇ ಆದ ಬೆಲೆಯೂ ತೊಡಕುಗಳೂ ಇವೆ. ಬಿಟ್ಟರೆ ತೂಕ ಮರಳುವುದೂ ಉಂಟು. ಆದರೂ ಆ ಮಗುವಿಗೆ ಬೇಕಾಗಿದ್ದುದು ಬುದ್ಧಿಮಾತಲ್ಲ, ದೇಹದಲ್ಲಿ ಇಲ್ಲದಿದ್ದ ಒಂದು ದ್ರವ್ಯ ಎಂಬುದನ್ನು ಇನ್ನು ಯಾರೂ ಅಲ್ಲಗಳೆಯಲಾರರು.

ಮೂರನೆಯದು ಧರ್ಮದ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ ಪ್ರಕಾರ, ಮಾನಸಿಕ ರೋಗಕ್ಕಾಗಿ ಮೆದುಳಿನ ಶಸ್ತ್ರಕ್ರಿಯೆ ನಡೆಸಬೇಕಾದರೆ ವಿಷಯವನ್ನು ತಿಳಿದು ಕೊಟ್ಟ ರೋಗಿಯ ಒಪ್ಪಿಗೆಯೂ ಸಂಬಂಧಪಟ್ಟ ಮಂಡಳಿಯ ಅನುಮತಿಯೂ ಬೇಕು. ಗೋವಿಂದಸ್ವಾಮಿಯವರ ಕಾಲದಲ್ಲಿ ಇಂಥ ಕಟ್ಟಳೆ ಇರಲಿಲ್ಲ. ಆದರೆ ಒಪ್ಪಿಗೆಯೆಂಬುದು ಕಾಗದದ ಮೇಲಣ ಸಹಿಯಷ್ಟೇ ಅಲ್ಲ. ಮನೆಯಲ್ಲಿ, ಶಾಲೆಯಲ್ಲಿ, ಮದುವೆಯ ಮಾತುಕತೆಯಲ್ಲಿ ಅಡ್ಡಹೆಸರುಗಳಿಂದಲೇ ಕರೆಯಿಸಿಕೊಂಡು ಬೆಳೆದ ವ್ಯಕ್ತಿ, ಆ ಅವಮಾನದಿಂದ ಪಾರಾಗಲು ಯಾವ ಯಂತ್ರಕ್ಕಾದರೂ ತಲೆಯೊಡ್ಡಿಯಾನು. ಅಂಥ ಒಪ್ಪಿಗೆಯನ್ನು ಸ್ವತಂತ್ರವೆಂದು ಕರೆಯುವುದು ಹೇಗೆ? ನಿಂದೆ ತಗ್ಗಿದಲ್ಲದೆ ಒಪ್ಪಿಗೆ ಶುದ್ಧವಾಗದು.

ಆದುದರಿಂದ “ಬಾಯಿ ಕಟ್ಟು” ಎಂಬ ನಮ್ಮ ಬುದ್ಧಿಮಾತನ್ನು ಪೂರ್ತಿಯಾಗಿ ಬಿಡಬೇಕಾಗಿಲ್ಲ. ಮಿತಾಹಾರವೂ ವ್ಯಾಯಾಮವೂ ಎಲ್ಲ ಚಿಕಿತ್ಸೆಗಳಿಗೂ ತಳಹದಿಯಾಗಿಯೇ ಉಳಿದಿವೆ. ಆದರೆ ಆ ಮಾತನ್ನು ಹೇಳುವ ಧ್ವನಿ ಬದಲಾಗಬೇಕು. ಕಟ್ಟಬೇಕಾದ ಬಾಯಿಯ ಹಿಂದೆ ಹಸಿವು, ಸುಖ, ನೆನಪು, ಭಯ ಇವೆಲ್ಲವೂ ಹೆಣೆದುಕೊಂಡ ಮೆದುಳೊಂದು ಇದೆ. ಅದನ್ನು ಹೆತ್ತವರಿಂದ ಪಡೆದವನು ತಾನು ಬೇಡಿ ಪಡೆದವನಲ್ಲ. ಬೀಜಸ್ವಭಾವವನ್ನು ಕಾರಣಗಳಲ್ಲಿ ಎಣಿಸಿದ ಪ್ರಾಚೀನ ವೈದ್ಯರಿಗೆ ಈ ಅರಿವು ಇತ್ತು. ಯಂತ್ರವನ್ನು ಕೈಗೆತ್ತಿಕೊಳ್ಳುವ ವೈದ್ಯನಿಗೂ, ತರಗತಿಯಲ್ಲಿ ಈ ವಿಷಯವನ್ನು ಬೋಧಿಸುವ ಉಪಾಧ್ಯಾಯನಿಗೂ ಅದು ಇರಬೇಕಾದುದು ಅವಶ್ಯ.